ಆರು ತಿಂಗಳು ಫೋನು, ಆಮ್ಯಾಲೆ ನೋಡೂಣು

ಬಿಸಿಎ ಮುಗಿಸಿದ ವರ್ಷ ನನಗೆ ಸಿಕ್ಕ ಮೊದಲ ಕೆಲಸ ಫೋನ್ ಎತ್ತುವುದು. ಬೆಳಗಾವಿಯ ಟಿಳಕವಾಡಿಯ ಒಂದು ಕಟ್ಟಡದಲ್ಲಿ ಎರಡು ಮಹಡಿ ಹಿಡಿದಿದ್ದ ಕಂಪನಿ ಅದು. ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿ ಕೊಡುತ್ತಿತ್ತು. ಮಕ್ಕಳ ದಾಖಲಾತಿ, ಹಾಜರಿ, ಶಾಲೆ ಬಿಡುವಾಗ ಕೊಡುವ ಟಿ.ಸಿ., ಎಲ್ಲವೂ ಅದರಲ್ಲೇ ಆಗಬೇಕು. ಆ ಸಾಫ್ಟ್‌ವೇರ್ ಬರೆಯುವವರು ಮೇಲಿನ ಮಹಡಿಯಲ್ಲಿ ಕೂರುತ್ತಿದ್ದರು. ಅದು ಕೈಕೊಟ್ಟಾಗ ಶಾಲೆಗಳಿಂದ ಬರುವ ಫೋನ್ ಎತ್ತಲು ಕೆಳಗಿನ ಮಹಡಿಯಲ್ಲಿ ನಾವು ಎಂಟು ಜನ. ಎರಡು ಮಹಡಿಗಳ ನಡುವೆ ಇಪ್ಪತ್ತೆರಡು ಮೆಟ್ಟಿಲು. ಅಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಅವನ್ನು ಹತ್ತಬೇಕೆಂದು ನಾನು ಎರಡು ವರ್ಷ ಕಾದಿದ್ದೇನೆ.

ಸಂದರ್ಶನ ಮಾಡಿದವರು ನಮ್ಮ ಟೀಮ್ ಲೀಡರ್. ಮೂವತ್ತೈದರ ಆಸುಪಾಸಿನ ಮನುಷ್ಯ, ಮಾತು ಮೆತ್ತಗೆ. ಕಾಲೇಜಿನಲ್ಲಿ ಕಲಿತ ಜಾವಾ, ಡೇಟಾಬೇಸ್ ಬಗ್ಗೆ ಕೇಳುತ್ತಾರೆಂದು ರಾತ್ರಿ ಹಗಲು ಓದಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಮರಾಠಿ ಬರ್ತೈತೇನ್ರಿ?"

"ಬರ್ತೈತ್ರಿ ಸರ್. ಖಾನಾಪುರದಾಕಿ ನಾನು."

"ಹಂಗಾರ ಮುಗೀತು ಬಿಡ್ರಿ. ಆರು ತಿಂಗಳು ಫೋನ್ ಮ್ಯಾಲೆ ಇರ್ರಿ. ಪ್ರಾಡಕ್ಟ್ ಪೂರಾ ತಿಳೀತೈತಿ. ಆಮ್ಯಾಲೆ ಮ್ಯಾಲಿನ ಟೀಮಿಗೆ ಹಾಕೂಣು. ಎಲ್ಲಾರೂ ಹಿಂಗ ಸುರು ಮಾಡ್ಯಾರ."

ಎಲ್ಲಾರೂ ಅಂದರೆ ಯಾರ್ಯಾರು, ಒಬ್ಬರನ್ನು ಕರೆದು ತೋರಿಸಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ತಲೆ ಅಲ್ಲಾಡಿಸಿ ಬಂದೆ.

ನಮ್ಮದು ಖಾನಾಪುರ ಪೇಟೆಯ ಜೈನ ಮನೆತನ. ಅಜ್ಜನ ಕಾಲದಿಂದ ಪಾತ್ರೆ ಅಂಗಡಿ. ಮನೆಯೊಳಗೆ ಕನ್ನಡ, ಅಂಗಡಿಯ ಕಟ್ಟೆಯ ಮೇಲೆ ಮರಾಠಿ. ಯಾವ ಮಾತು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆಂದು ನಮಗೇ ಗೊತ್ತಾಗುವುದಿಲ್ಲ. ಕೆಲಸ ಸಿಕ್ಕಿತೆಂದು ಹೇಳಿದಾಗ ಅಪ್ಪ ಗಿರಾಕಿಗೆ ಕೊಡಲು ಒಂದು ಸ್ಟೀಲ್ ಡಬ್ಬಿ ಒರೆಸುತ್ತಿದ್ದರು.

"ಫೋನ್ ಎತ್ತಾಕ ಬಿಸಿಎ ಯಾಕ ಬೇಕವಾ?" ಎಂದರು.

"ಆರು ತಿಂಗಳಷ್ಟ ಅಪ್ಪಾ. ಎಲ್ಲಾರೂ ಹಿಂಗ ಸುರು ಮಾಡ್ತಾರಂತ."

ಹೀಗೆ ಲೀಡರ್ ಮಾತನ್ನೇ ಅಪ್ಪನಿಗೆ ಒಪ್ಪಿಸಿದೆ. ಆಮೇಲಿನ ದಿನಗಳಲ್ಲಿ ಅದನ್ನು ಎಷ್ಟು ಜನರಿಗೆ ಒಪ್ಪಿಸಿದೆನೋ. ನೆಂಟರು, ಕಾಲೇಜಿನ ಗೆಳತಿಯರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರಿಗೂ.

ಖಾನಾಪುರದಿಂದ ಬೆಳಗಿನ ಬಸ್ ಹಿಡಿದರೆ ದೇಸೂರು, ಮಚ್ಛೆ ದಾಟುವಷ್ಟರಲ್ಲಿ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಪೀರನವಾಡಿಯಲ್ಲಿ ಇನ್ನಷ್ಟು ಜನ ಹತ್ತುತ್ತಿದ್ದರು. ಒಂಬತ್ತೂವರೆಗೆ ಹೆಡ್‌ಫೋನ್ ಕಿವಿಗೆ ಹಾಕಿದರೆ ಸಂಜೆ ಆರೂವರೆಗೆ ತೆಗೆಯುವುದು. ಪ್ರತಿ ಫೋನಿಗೂ ಕಂಪ್ಯೂಟರಿನಲ್ಲಿ ಒಂದು ದೂರು ತೆರೆಯಬೇಕು. ಅದಕ್ಕೆ ಟಿಕೆಟ್ ಎನ್ನುತ್ತಿದ್ದರು. ಐದು ನಿಮಿಷದೊಳಗೆ ಫೋನ್ ಇಡಬೇಕು, ಟಿಕೆಟ್ ಮುಚ್ಚಬೇಕು. ಐದು ನಿಮಿಷ ದಾಟಿದರೆ ಲೀಡರ್ ಪರದೆಯ ಮೇಲೆ ನಮ್ಮ ಹೆಸರು ಕೆಂಪಾಗುತ್ತಿತ್ತು. ದೂರು ಬಗೆಹರಿದಿದೆಯೋ ಇಲ್ಲವೋ ಎಂದು ತೋರಿಸುವ ಬಣ್ಣ ಯಾವುದೂ ಇರಲಿಲ್ಲ.

ಮೊದಲ ತಿಂಗಳೇ, ಮಳೆ ಜೋರಾಗಿದ್ದ ಒಂದು ದಿನ, ಕಾಡಂಚಿನ ಊರಿನ ಹೆಡ್‌ಮಾಸ್ತರರೊಬ್ಬರು ಫೋನ್ ಮಾಡಿದರು.

"ಕಂಪ್ಯೂಟರ್ ಚಾಲೂ ಆಗವಲ್ದ್ರಿ."

ನಮ್ಮ ಮುಂದೆ ಬರೆದಿಟ್ಟ ಪ್ರಶ್ನೆಗಳ ಹಾಳೆ ಇತ್ತು. ಅದರಂತೆ ಕೇಳಿದೆ. ವಾಯರ್ ಸರಿಯಾಗಿ ಕೂತಿದೆಯೇ, ಸ್ವಿಚ್ ಒತ್ತಿದ್ದಾರೆಯೇ, ದೀಪ ಹತ್ತಿದೆಯೇ. ಎಲ್ಲಕ್ಕೂ ಶಾಂತವಾಗಿ ಉತ್ತರ ಕೊಟ್ಟರು. ನಾಲ್ಕನೆಯ ನಿಮಿಷಕ್ಕೆ ನನಗೇ ಅನುಮಾನ ಬಂತು.

"ಸರ್, ಕರೆಂಟ್ ಐತೇನ್ರಿ?"

"ಕರೆಂಟ್ ಎಲ್ಲೀದ್ರಿ, ಹೋಗಿ ಮೂರು ದಿನ ಆತು."

"ಕರೆಂಟ್ ಇಲ್ಲಂದ್ರ ಕಂಪ್ಯೂಟರ್ ಹ್ಯಾಂಗ ಚಾಲೂ ಆಗ್ತೈತ್ರಿ?"

"ಅದನ್ನ ಕೇಳಾಕ ನಾ ಫೋನ್ ಮಾಡೇನ್ರಿ. ಕರೆಂಟ್ ಇಲ್ದ ಹಾಜರಿ ಹ್ಯಾಂಗ ಕಳಿಸೂದು, ಹೇಳ್ರಲಾ?"

ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಹಾಳೆಯಲ್ಲಿ ಉತ್ತರ ಇರಲಿಲ್ಲ. ಟಿಕೆಟ್ ಮುಚ್ಚಿದೆ. ಇಂಥವನ್ನು ಮೊದಮೊದಲು ಮನೆಯಲ್ಲಿ ಹೇಳಿ ನಗುತ್ತಿದ್ದೆ. ಮೂರನೆಯ ತಿಂಗಳಿಗೆ ನಗು ನಿಂತಿತು. ಕಾಲೇಜಿನಲ್ಲಿ ಬರೆದಿದ್ದ ಪ್ರೋಗ್ರಾಮುಗಳ ಪುಸ್ತಕ ಕಪಾಟಿನಲ್ಲಿತ್ತು. ಭಾನುವಾರ ತೆಗೆದು ನೋಡಬೇಕೆಂದುಕೊಳ್ಳುತ್ತಿದ್ದೆ. ಆದರೆ ಆರು ದಿನ ಕಿವಿಯಲ್ಲಿ ಬೇರೆಯವರ ಸಿಟ್ಟು ತುಂಬಿಸಿಕೊಂಡು ಬಂದವಳಿಗೆ ಏಳನೆಯ ದಿನ ಮಲಗುವುದು ಬಿಟ್ಟು ಇನ್ನೇನೂ ಬೇಡವಾಗಿತ್ತು.

ಚಳಿಗಾಲ ಬಂದಾಗ ಇನ್ನೊಂದು ಪೀಕಲಾಟ. ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಅದನ್ನು ಒಂದು ದಿನವೂ ಬಿಟ್ಟವಳಲ್ಲ. ನನಗೂ ಚಿಕ್ಕಂದಿನ ರೂಢಿ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ನನ್ನ ಕೆಲಸ ಮುಗಿಯುವುದು ಆರೂವರೆಗೆ. ಹಾಗಾಗಿ ಐದೂವರೆಗೆ ಡಬ್ಬಿ ಬಿಚ್ಚಿ ಹತ್ತು ನಿಮಿಷದಲ್ಲಿ ಎರಡು ರೊಟ್ಟಿ ತಿಂದು ಬರುತ್ತಿದ್ದೆ. ಆ ವಿರಾಮ ಮೊದಲೇ ಮಂಜೂರಾಗಿರಬೇಕು ಎಂದು ಲೀಡರ್ ತಕರಾರು ತೆಗೆದರು.

"ದಿನಾ ಒಂದ ಟೈಮ್ ಬರದು ಕೊಡ್ರಿ. ನೀವು ಒಮ್ಮೆ ಐದೂವರೆ ಅಂತೀರಿ, ಒಮ್ಮೆ ಐದೂ ಮುಕ್ಕಾಲು ಅಂತೀರಿ."

"ಸೂರ್ಯ ಮುಳುಗೂದು ನನ್ನ ಕೈಯಾಗ ಇಲ್ರಿ ಸರ್," ಎಂದೆ.

ಪಕ್ಕದಲ್ಲಿದ್ದವರು ನಕ್ಕರು. ಲೀಡರ್ ನಗಲಿಲ್ಲ. ಆ ವಾರ ನನಗೆ ಒಂದು ಮೇಲ್ ಬಂತು, ವಿರಾಮದ ಶಿಸ್ತಿನ ಬಗ್ಗೆ.

ಆರು ತಿಂಗಳಾದ ದಿನ ಅವರ ಮುಂದೆ ಹೋಗಿ ನಿಂತೆ. "ಪರೀಕ್ಷಾ ಟೈಮ್ ಐತಿ. ಅಡ್ಮಿಷನ್ ಸೀಸನ್ ಒಂದು ಮುಗೀಲಿ, ಆಮ್ಯಾಲೆ ನೋಡೂಣು" ಎಂದರು. ಅದೂ ಒಪ್ಪಬಹುದಾದ ಮಾತೇ ಅನ್ನಿಸಿತು. ಅಷ್ಟರಲ್ಲಿ ನಮ್ಮ ಗುಂಪಿಗೆ ಹೊಸದಾಗಿ ಒಬ್ಬ ಸೇರಿದ. ನನ್ನ ವಯಸ್ಸಿನವನೇ, ನನ್ನಂತೆಯೇ ಬಿಸಿಎ, ವಿಜಯಪುರದ ಕಡೆಯವನು. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದ. ಅವನಿಗೆ ಕೆಲಸ ಕಲಿಸುವ ಜವಾಬ್ದಾರಿ ನನಗೇ ಬಂತು. ಎರಡು ವಾರ ಪಕ್ಕ ಕೂರಿಸಿಕೊಂಡು ಎಲ್ಲ ಹೇಳಿಕೊಟ್ಟೆ. ಒಳ್ಳೆಯ ಹುಡುಗ, ಬೇಗ ಕಲಿತ. ಆದರೆ ಮರಾಠಿ ಒಂದು ಅಕ್ಷರ ಬರುತ್ತಿರಲಿಲ್ಲ. ಖಾನಾಪುರದ ಕಡೆಯಿಂದ ಫೋನ್ ಬಂದರೆ ಹೆಡ್‌ಫೋನ್ ತೆಗೆದು ನನ್ನ ಕಿವಿಗೆ ಹಾಕುತ್ತಿದ್ದ.

ಮೂರು ತಿಂಗಳಿಗೆ ಅವನನ್ನು ಮೇಲಿನ ಮಹಡಿಗೆ ಕಳಿಸಿದರು.

ನಾನು ಲೀಡರ್ ಹತ್ತಿರ ಹೋದೆ. ಕೂಗಾಡಬಾರದೆಂದು ನೀರು ಕುಡಿದೇ ಹೋದೆ.

"ಸರ್, ಅವ್ರಿಗೆ ನಾ ಕಲಿಸೀನಿ. ಅವ್ರು ಮ್ಯಾಲ ಹೋದ್ರು. ನಾ ಯಾಕ ಹೋಗಲಿಲ್ಲ?"

"ಅವ್ರಿಗೆ ಮರಾಠಿ ಬರೂದಿಲ್ಲರಿ. ಫೋನ್ ಮ್ಯಾಲೆ ಇಟ್ಕೊಂಡು ನಾ ಏನ್ ಮಾಡ್ಲಿ?"

ಯಾವುದು ಬರುತ್ತದೆಂದು ನನ್ನನ್ನು ಒಳಗೆ ಕರೆದುಕೊಂಡರೋ ಅದೇ ಕಾರಣಕ್ಕೆ ನಾನು ಅಲ್ಲೇ ಇರಬೇಕಿತ್ತು. ಆ ದಿನ ಬಸ್ಸಿನಲ್ಲಿ ಖಾನಾಪುರದ ತನಕ ಕಂಬಿ ಹಿಡಿದು ನಿಂತು ಬಂದೆ. ಕಂಡಕ್ಟರ್ ಟಿಕೆಟ್ ಟಿಕೆಟ್ ಎಂದಾಗ ಅವನ ಮೇಲೂ ರೇಗಿದೆ, ಪಾಪ.

ಮುಂದಿನ ಜೂನ್. ದಾಖಲಾತಿಯ ದಿನಗಳು. ಫೋನಿಗೆ ಉಸಿರಾಡಲು ಬಿಡುವಿಲ್ಲ. ನಂದಗಡದ ಆಚೆಗಿನ ಒಂದು ಹಳ್ಳಿಯ ಮರಾಠಿ ಹೈಸ್ಕೂಲಿನಿಂದ ಕ್ಲರ್ಕ್ ಒಬ್ಬರು ಫೋನ್ ಮಾಡಿದರು. ನಿವೃತ್ತಿ ಹತ್ತಿರ ಬಂದವರು ಎಂದು ದನಿಯಲ್ಲೇ ತಿಳಿಯುತ್ತಿತ್ತು. ಅರ್ಧ ಮರಾಠಿ, ಅರ್ಧ ಕನ್ನಡ ಮಾತು.

"ಮೇಡಮ್ಮಾರ, ಟಿ.ಸಿ.ಯೊಳಗ ಒಬ್ಬ ಹುಡುಗಿ ಮನಿತನದ ಅಡ್ಡಹೆಸರು ತಪ್ಪು ಬರಾಕತ್ತೈತ್ರಿ. ಟೈಪ್ ಮಾಡಿದಾಗ ಬರೋಬ್ಬರಿ ಇರ್ತೈತಿ, ಆಮ್ಯಾಲೆ ಕೆಡ್ತೈತಿ."

ಹಾಳೆಯಲ್ಲಿ ಅದಕ್ಕೆ ಉತ್ತರ ಇತ್ತು. ಅಕ್ಷರ ಕೆಟ್ಟರೆ ಫಾಂಟ್ ತೆಗೆದು ಮತ್ತೆ ಹಾಕಿಸುವುದು. ಹಾಕಿಸಿದೆ, ಟಿಕೆಟ್ ಮುಚ್ಚಿದೆ. ಎರಡು ದಿನ ಬಿಟ್ಟು ಮತ್ತೆ ಅವರ ಫೋನ್, ಬೇರೆಯವರು ಎತ್ತಿದರು, ಮತ್ತೆ ಫಾಂಟ್. ಮೂರನೆಯದೂ ಹಾಗೆಯೇ. ನಾಲ್ಕನೆಯ ಫೋನ್ ಮತ್ತೆ ನನಗೇ ಬಂತು. ಅವರು ಸಿಟ್ಟಾಗಿರಲಿಲ್ಲ. ಅದೇ ಕಷ್ಟವಾಯಿತು.

"ಮೇಡಮ್ಮಾರ, ಫಾಂಟ್ ಬ್ಯಾಡ್ರಿ. ಮೂರು ಸಲ ಹಾಕೀನಿ. ಆ ಹುಡುಗಿ ಪಿಯುಸಿಗೆ ಹೋಗಬೇಕ್ರಿ. ಹೆಸರು ಬ್ಯಾರೆ ಐತಿ ಅಂತ ಕಾಲೇಜಿನ್ಯಾಗ ಕಾಗದ ಹಿಂದ ಕೊಟ್ಟಾರ. ನಾ ಪೆನ್ನಿಲೆ ತಿದ್ದಿ ಸಹಿ ಮಾಡಿ ಕೊಟ್ಟೆ, ತಿದ್ದಿದ್ದು ನಡೆಯೂದಿಲ್ಲ ಅಂದ್ರು. ಅವ್ವ ಮಗಳು ಎರಡು ಸಲ ಬಂದು ಹೋಗ್ಯಾರ್ರಿ."

ಐದು ನಿಮಿಷ ದಾಟಿತು. ಹೆಸರು ಕೆಂಪಾಯಿತು. ನಾಳೆ ತಿಳಿಸುತ್ತೇನೆ ಎಂದು ಫೋನ್ ಇಟ್ಟು, ಊಟದ ಬಿಡುವಿನಲ್ಲಿ ಮೇಲಿನ ಮಹಡಿಗೆ ಹೋದೆ. ನಾನು ಕಲಿಸಿ ಕಳಿಸಿದ ಹುಡುಗನೇ ಸಿಕ್ಕ.

"ಅದು ಫಾಂಟ್ ಪ್ರಾಬ್ಲಮ್ ಐತಿ ಬಿಡ," ಎಂದ, ಪರದೆಯಿಂದ ಕಣ್ಣು ತೆಗೆಯದೆ. "ಮತ್ತೊಮ್ಮೆ ಹಾಕಸು."

"ಮೂರು ಸಲ ಹಾಕಿಸೇವಿ."

"ಹಂಗಾರ ಅವ್ರು ತಪ್ಪು ಟೈಪ್ ಮಾಡಾಕತ್ತಾರ. ನಮಗ ಇಲ್ಲಿ ಹಂಗ ಕಾಣವಲ್ದು. ಫೋನ್‌ನ್ಯಾಗ ಅವ್ರು ಹೇಳಿದ್ದೆಲ್ಲಾ ನಂಬಬಾರದವಾ, ನೀನ ನಂಗ ಕಲಿಸೀದಿ."

ಹೌದು, ಅದನ್ನೂ ನಾನೇ ಕಲಿಸಿದ್ದೆ. ತಲೆ ಕೆಟ್ಟು ಇಳಿದು ಬಂದೆ.

ಆ ವಾರ ಭಾನುವಾರದ ಜೊತೆ ಶನಿವಾರವೂ ನನಗೆ ರಜೆ ಸಿಕ್ಕಿತ್ತು. ಶನಿವಾರ ಶಾಲೆ ಬೆಳಗಿನ ಹೊತ್ತು ಇರುತ್ತದೆ. ಆ ಹಳ್ಳಿ ನಮ್ಮದೇ ತಾಲೂಕು, ಮನೆಯಿಂದ ಒಂದು ಬಸ್ಸಿನ ದಾರಿ. ಅವ್ವನಿಗೆ ಕೆಲಸದ ಮೇಲೆ ಹೋಗುತ್ತಿದ್ದೇನೆ ಎಂದೆ. ಖಾನಾಪುರ ಸ್ಟ್ಯಾಂಡಿನಲ್ಲಿ ಬಸ್ ಹತ್ತಿದಾಗ ಸೋನೆ ಮಳೆ. ಇಳಿದು ಕೆಂಪು ರಾಡಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಹಂಚಿನ ಮಾಡಿನ ಉದ್ದನೆಯ ಶಾಲೆ. ಒಳಗೆ ಮಕ್ಕಳು ಒಟ್ಟಾಗಿ ಪಾಠ ಒಪ್ಪಿಸುವ ಸದ್ದು. ಆಫೀಸಿನ ಬಾಗಿಲಲ್ಲಿ ನಿಂತಾಗ, ಟೋಪಿ ಹಾಕಿದ ತೆಳ್ಳನೆಯ ಹಿರಿಯರು ತಲೆ ಎತ್ತಿದರು.

"ಯಾರ್ ಬೇಕಾಗಿತ್ರಿ?"

"ನಾನ್ರಿ, ಬೆಳಗಾವಿಯಿಂದ ಫೋನ್‌ನ್ಯಾಗ ಮಾತಾಡ್ತೀನಲ್ರಿ. ಟಿ.ಸಿ. ಹೆಸರಿಂದು."

ಅವರು ಎದ್ದು ನಿಂತರು.

"ನೀವಾ? ನಾ ಎಲ್ಲೋ ಬೆಂಗಳೂರಾಗ ಕುಂತು ಮಾತಾಡ್ತೀರಿ ಅಂತ ತಿಳಕೊಂಡಿದ್ದೆ! ಬರ್ರಿ, ಬರ್ರಿ, ಕುಂದರ್ರಿ. ಅಯ್ಯ, ಪೂರಾ ತೋಯಿಸ್ಕೊಂಡೀಯಲ್ಲ ತಂಗಿ." ಮೇಡಮ್ಮಾರ್ ಇದ್ದವಳು ಅಷ್ಟರಲ್ಲೇ ತಂಗಿಯಾಗಿದ್ದೆ.

ಚಹಾ ಬಂತು. ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದ ಕಂಪ್ಯೂಟರನ್ನು ತೆರೆದರು. ನಂತರ ಮೇಜಿನ ಖಾನೆಯಿಂದ ಒಂದು ನೋಟ್‌ಬುಕ್ ತೆಗೆದರು. ಅದರಲ್ಲಿ ಏಳು ಮಕ್ಕಳ ಹೆಸರನ್ನು ದುಂಡಗಿನ ಅಕ್ಷರದಲ್ಲಿ ಬರೆದಿದ್ದರು.

"ನೋಡವಾ, ಈ ಏಳು ಮಂದಿದಷ್ಟ ಕೆಡ್ತೈತಿ. ಬಾಕಿ ಇನ್ನೂರು ಮಕ್ಕಳದು ಬರೋಬ್ಬರಿ ಅದ. ಇದನ್ನ ಹೇಳಬೇಕಂತ ನಾಲ್ಕು ಸಲ ಫೋನ್ ಮಾಡೀನಿ. ಹೇಳೂದರಾಗ ನೀವು ಫೋನ್ ಇಟ್ಟಬಿಡ್ತಿದ್ರಿ."

ನನಗೆ ಮುಖ ಎತ್ತಲಾಗಲಿಲ್ಲ. ಏಳೂ ಹೆಸರಿನಲ್ಲಿ ಒಂದೇ ಅಕ್ಷರ. ಮರಾಠಿಯಲ್ಲಿ ಅರ್ಧ 'ರ'ಕ್ಕೆ ಎರಡು ರೂಪ ಇವೆ. ಒಂದು ಮುಂದಿನ ಅಕ್ಷರದ ನೆತ್ತಿಯ ಮೇಲೆ ಕೊಕ್ಕೆಯಂತೆ ಕೂರುತ್ತದೆ. ಇನ್ನೊಂದು ಅದರ ಎಡಕ್ಕೆ ಸಣ್ಣ ಅಡ್ಡಗೆರೆಯಂತೆ ನಿಲ್ಲುತ್ತದೆ. ನಮ್ಮ ಕಡೆಯ ಎಷ್ಟೋ ಅಡ್ಡಹೆಸರುಗಳಲ್ಲಿ ಇರುವುದು ಈ ಅಡ್ಡಗೆರೆಯ 'ರ'. ಅವರು ನನ್ನೆದುರೇ ಟೈಪ್ ಮಾಡಿದರು. ಅಡ್ಡಗೆರೆ ಸರಿಯಾಗಿಯೇ ಬಂತು. ಸೇವ್ ಒತ್ತಿದರು. ಅಡ್ಡಗೆರೆ ಹೋಗಿ ಕೊಕ್ಕೆಯಾಗಿ ನೆತ್ತಿಯ ಮೇಲೆ ಕೂತಿತ್ತು. ಮರಾಠಿ ಓದಲು ಬಾರದವರಿಗೆ ಎರಡೂ ಒಂದೇ ಥರ ಕಾಣುತ್ತವೆ. ಮೇಲಿನ ಮಹಡಿಯಲ್ಲಿ ಯಾರಿಗೂ ಅದು ಯಾಕೆ ಕಾಣಲಿಲ್ಲ ಎಂಬುದು ಆಗ ತಿಳಿಯಿತು.

ನಾನು ಕುರ್ಚಿ ಎಳೆದು ಕೂತೆ. ಆ ಅಕ್ಷರವನ್ನು ಟೈಪ್ ಮಾಡಿ ಅಳಿಸುವ ಕೀಲಿಯನ್ನು ಒಂದೊಂದೇ ಸಲ ಒತ್ತುತ್ತಾ ಹೋದೆ. ನಾಲ್ಕು ಸಲ ಒತ್ತಿದ ಮೇಲೆ ಅಳಿಯಿತು. ಸೇವ್ ಮಾಡಿದ ಮೇಲೆ ಅದನ್ನೇ ಅಳಿಸಲು ಮೂರು ಸಲ ಸಾಕಾಯಿತು. ಮತ್ತೆ ಮಾಡಿದೆ. ಮತ್ತೆ ನಾಲ್ಕು, ಮತ್ತೆ ಮೂರು. ಕಣ್ಣಿಗೆ ಕಾಣದ ಏನೋ ಒಂದು ಆ ಅಕ್ಷರದೊಳಗಿತ್ತು, ಸೇವ್ ಮಾಡುವಾಗ ನಮ್ಮ ಸಾಫ್ಟ್‌ವೇರ್ ಅದನ್ನು ಕಸವೆಂದು ಗುಡಿಸಿ ಹಾಕುತ್ತಿತ್ತು. ಕಾಲೇಜಿನ ಎರಡನೆಯ ವರ್ಷದ ಪಾಠವೊಂದು ಎಲ್ಲಿಂದಲೋ ನೆನಪಿಗೆ ಬಂತು. ಅಕ್ಷರಗಳನ್ನು ಕೂಡಿಸುವುದಕ್ಕೆಂದೇ ಇರುವ, ಪರದೆಯ ಮೇಲೆ ಕಾಣದ ಗುರುತುಗಳ ಬಗ್ಗೆ ಮೇಡಂ ಒಬ್ಬರು ಹತ್ತು ನಿಮಿಷ ಹೇಳಿದ್ದರು. ಪರೀಕ್ಷೆಗೆ ಬರುವುದಿಲ್ಲವೆಂದು ಯಾರೂ ಬರೆದುಕೊಂಡಿರಲಿಲ್ಲ.

ಶಾಲೆಯೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕ್ಲರ್ಕ್ ಕೊಡೆ ಹಿಡಿದರು, ಬಾವಿಕಟ್ಟೆಯ ಹತ್ತಿರ ನಿಂತು ಹುಡುಕಿದೆ. ಅದೇ ರೂಪವನ್ನು ಬರೆಯಲು ಇನ್ನೊಂದು ದಾರಿ ಇತ್ತು. ಮರಾಠಿ ಕೀಲಿಮಣೆಯಲ್ಲಿ ಕೆಳಗೆ ಚುಕ್ಕಿ ಇರುವ ಬೇರೆ 'ರ' ಒಂದಿದೆ. ಅದನ್ನು ಬಳಸಿದರೆ ಕಾಣದ ಗುರುತಿನ ಗೊಡವೆಯೇ ಇಲ್ಲ. ಒಳಗೆ ಬಂದು ಹಾಗೆ ಟೈಪ್ ಮಾಡಿ ಸೇವ್ ಒತ್ತಿದೆವು. ಅಡ್ಡಗೆರೆ ಅಲುಗಾಡದೆ ನಿಂತಿತು. ಪ್ರಿಂಟರಿನಿಂದ ಹಾಳೆ ಹೊರಬರುವ ತನಕ ಇಬ್ಬರೂ ಅದರ ಮುಂದೆ ಬಗ್ಗಿ ನಿಂತಿದ್ದೆವು.

ಹುಡುಗಿಯ ಮನೆ ಶಾಲೆಯ ಹಿಂದೆಯೇ. ಯಾರೋ ಕೂಗಿ ಹೇಳಿದರು. ತಾಯಿ ಮಗಳು ಮಳೆಯಲ್ಲೇ ಬಂದರು. ತಾಯಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಮಗಳ ಮುಖ ನೋಡಿದಳು. ಮಗಳು ಹೆಸರಿನ ಮೇಲೆ ಬೆರಳಿಟ್ಟು ಹೂಂ ಎಂದಳು. ತಾಯಿ ನನ್ನ ಕಡೆ ತಿರುಗಿ ಮರಾಠಿಯಲ್ಲಿ, ನಾಳೆ ಮತ್ತೆ ಬದಲಾಗುವುದಿಲ್ಲ ತಾನೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ. ಎರಡು ವರ್ಷದ ಕೆಲಸದಲ್ಲಿ ನಾನು ಪೂರ್ತಿ ನಂಬಿ ಹೇಳಿದ ಉತ್ತರ ಬಹುಶಃ ಅದೊಂದೇ.

ಭಾನುವಾರ ಕೂತು ನಡೆದದ್ದನ್ನೆಲ್ಲ ಎರಡು ಪುಟ ಬರೆದೆ, ಯಾವ ಅಕ್ಷರ, ಎಷ್ಟು ಸಲ ಒತ್ತಿದರೆ ಏನಾಗುತ್ತದೆ, ಎಲ್ಲ. ಸೋಮವಾರ ಬೆಳಿಗ್ಗೆ ಅದನ್ನು ಲೀಡರಿಗೂ ಮೇಲಿನವರಿಗೂ ಕಳಿಸಿದೆ. ಹತ್ತು ಗಂಟೆಗೆ ಲೀಡರ್ ಕರೆದರು.

"ನಿಮಗ ಸಾಲಿಗೆ ಹೋಗಾಕ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ರಜಾ ಇತ್ತು, ಹೋಗಿದ್ದೆ."

"ಫೀಲ್ಡ್ ವಿಜಿಟ್ ನಿಮ್ಮ ರೋಲಿನ್ಯಾಗ ಐತೇನು? ನಾಳೆ ಎಲ್ಲಾ ಸಾಲಿಯವ್ರೂ ಮನಿಶ್ಯಾರನ್ನ ಕಳಸ್ರಿ ಅಂದ್ರ ನಾ ಯಾರನ್ನ ಕಳಸ್ಲಿ?"

"ಸರ್, ತಪ್ಪು ಎಲ್ಲೈತಿ ಅಂತ ಸಿಕ್ಕೈತ್ರಿ."

"ಅದು ಬ್ಯಾರೆ ವಿಷಯ."

ಅದು ಬೇರೆ ವಿಷಯ. ನನಗೆ ಎಚ್ಚರಿಕೆಯ ಮೇಲ್ ಬಂತು. ಗುರುವಾರಕ್ಕೆ ಸಾಫ್ಟ್‌ವೇರ್ ಸರಿಯಾಯಿತು. ಕಂಪನಿಯ ಎಲ್ಲರಿಗೂ ಬಂದ ಇನ್ನೊಂದು ಇ-ಮೇಲ್‌ನಲ್ಲಿ ಮೇಲಿನ ಮಹಡಿಯ ತಂಡಕ್ಕೆ ಅಭಿನಂದನೆ ಹೇಳಿದ್ದರು. ನಾನು ಕಲಿಸಿದ ಹುಡುಗ ನಾಚಿಕೊಂಡೇ ಕೆಳಗೆ ಬಂದ. "ನಿನ್ನ ಹೆಸರು ಹಾಕ್ರಿ ಅಂದಿದ್ದೆ. ಸಪೋರ್ಟಿನವ್ರ ಹೆಸರು ಹಾಕೂ ಪದ್ಧತಿ ಇಲ್ಲ ಅಂದ್ರು," ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣ ನನಗಿರಲಿಲ್ಲ.

ಇಷ್ಟಾದ ಮೇಲಾದರೂ ಮೇಲೆ ಕಳಿಸುತ್ತಾರೆಂದು ಇನ್ನೂ ಒಂದು ವರ್ಷ ಕಾದೆ, ಅದು ನನ್ನ ದಡ್ಡತನ. ಎರಡು ವರ್ಷ ತುಂಬಿದಾಗ ಕೊನೆಯ ಸಲ ಕೇಳಿದೆ. ಲೀಡರ್ ಈ ಬಾರಿ ನಿಜವಾಗಿಯೂ ಪ್ರೀತಿಯಿಂದ ಮಾತಾಡಿದರು.

"ನೀವು ಮ್ಯಾಲ ಹೋದ್ರ ಖಾನಾಪುರದ ಸಾಲಿಗೋಳು ಯಾರನ್ನ ಕೇಳ್ಬೇಕ್ರಿ? ಎಲ್ಲಾರೂ ಆ ಮೇಡಮ್ಮಾರಿಗೆ ಕೊಡ್ರಿ ಅಂತಾರ. ನಿಮ್ಮಂಥಾವ್ರು ಫೋನ್ ಮ್ಯಾಲ ಇರಬೇಕ್ರಿ. ನಾ ಖರೇ ಹೇಳಾಕತ್ತೀನಿ."

ಅವರು ಖರೇ ಹೇಳುತ್ತಿದ್ದರು. ಮರುದಿನ ರಾಜೀನಾಮೆ ಕೊಟ್ಟೆ.

ಬಿಡುವಾಗ ಕೊಟ್ಟ ಅನುಭವ ಪತ್ರ ನೋಡಿದರೆ ಅದರಲ್ಲಿ ನನ್ನ ಹುದ್ದೆ ಟೆಲಿಕಾಲರ್. ಅಂದರೆ ಮನೆಮನೆಗೆ ಫೋನ್ ಮಾಡಿ ಏನಾದರೂ ಮಾರುವವಳು. ಸೇರುವಾಗ ಕೊಟ್ಟ ಪತ್ರದಲ್ಲಿ ಟೆಕ್ನಿಕಲ್ ಸಪೋರ್ಟ್ ಎಂದಿತ್ತು. ಆ ಪತ್ರ ಹಿಡಿದುಕೊಂಡು ಕಾಗದಪತ್ರ ನೋಡುವ ಮೇಡಂ ಹತ್ತಿರ ಹೋದೆ. ಸಿಸ್ಟಮ್ಮಿನಲ್ಲಿ ಹಾಗೇ ಇದೆ ಎಂದರು. ಸಿಸ್ಟಮ್ ಬದಲಿಸಿ ಎಂದೆ. ಅದು ನಮ್ಮ ಕೈಯಲ್ಲಿಲ್ಲ ಎಂದರು. ಮೂರು ದಿನ ಹೋದೆ, ಮೂರು ದಿನವೂ ಅವರ ಮೇಜಿನ ಮುಂದೆ ಕೂತೆ. ಕೊನೆಗೆ ಸಪೋರ್ಟ್ ಎಕ್ಸಿಕ್ಯೂಟಿವ್ ಎಂದು ಬರೆದುಕೊಟ್ಟರು. ಟೆಕ್ನಿಕಲ್ ಎಂಬ ಪದ ಎಷ್ಟು ಜಗಳಾಡಿದರೂ ಬರಲಿಲ್ಲ.

ಆ ಪತ್ರ ಹಿಡಿದು ಎರಡು ಕಡೆ ಸಂದರ್ಶನಕ್ಕೆ ಹೋದೆ. ಒಂದು ಕಡೆ, "ಓ, ಕಾಲ್ ಸೆಂಟರಾ?" ಎಂದು ಹಾಳೆ ಮಡಿಸಿಟ್ಟರು. ಇನ್ನೊಂದು ಕಡೆ ಪ್ರೋಗ್ರಾಮ್ ಬರೆಯಲು ಕೊಟ್ಟರು. ಕಾಲೇಜಿನಲ್ಲಿ ಕಣ್ಣು ಮುಚ್ಚಿ ಬರೆಯುತ್ತಿದ್ದದ್ದು. ಅರ್ಧ ಗಂಟೆ ಕೂತರೂ ಹತ್ತು ಸಾಲು ಸರಿಯಾಗಿ ಬರಲಿಲ್ಲ. ಹೊರಗೆ ಬಂದು ರಿಕ್ಷಾ ಸ್ಟ್ಯಾಂಡಿನಲ್ಲಿ ಅತ್ತೆ. ಅದಕ್ಕೆ ಮಾತ್ರ ಲೀಡರನ್ನು ಬೈಯುವಂತಿರಲಿಲ್ಲ. ಪುಸ್ತಕ ಕಪಾಟಿನಲ್ಲೇ ಇತ್ತು, ತೆಗೆಯದವಳು ನಾನು.

ಮೂರನೆಯದು ಉದ್ಯಮಬಾಗದ ಕಡೆ, ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾಡುವ ಹತ್ತು ಹನ್ನೆರಡು ಜನರ ಸಣ್ಣ ಆಫೀಸು. ನಲವತ್ತರ ಒಬ್ಬ ಮೇಡಂ ಎದುರು ಕೂತಿದ್ದರು.

"ಫೋನ್ ಮ್ಯಾಲೆ ಏನ್ ಮಾಡ್ತಿದ್ರಿ ಎರಡು ವರ್ಷ?"

ಆ ಪ್ರಶ್ನೆ ಕೇಳಿ ಕೇಳಿ ರೋಸಿಹೋಗಿತ್ತು. ಕೆಲಸ ಸಿಗದಿದ್ದರೆ ಅಷ್ಟೇ ಹೋಯಿತು ಎಂದುಕೊಂಡು, ಅಡ್ಡಗೆರೆಯ 'ರ'ದ ಕಥೆಯನ್ನು ಮಳೆ, ರಾಡಿ, ಎಚ್ಚರಿಕೆಯ ಮೇಲ್ ಎಲ್ಲ ಸೇರಿಸಿ ಹೇಳಿದೆ. ಅವರು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. "ತೋರಸ್ರಿ" ಎಂದರು. ತೋರಿಸಿದೆ. ಕಾಣದ ಗುರುತು ಇದ್ದಾಗ ನಾಲ್ಕು ಸಲ, ಇಲ್ಲದಾಗ ಮೂರು ಸಲ. ಬರೆದಿಟ್ಟ ಎರಡು ಪುಟ ಇದೆಯೇ ಎಂದು ಕೇಳಿ ಓದಿದರು.

"ಕೋಡ್ ಬರ್ಯಾಕ ಬರ್ತೈತೇನು?"

"ಬರ್ತಿತ್ರಿ. ಎರಡು ವರ್ಷ ಮುಟ್ಟಿಲ್ಲ. ಮರ್ತೀನಿ."

"ಹ್ಞೂಂ. ಅದು ಕೆಟ್ಟ ಆತು," ಎಂದರು, ಮುಚ್ಚುಮರೆ ಇಲ್ಲದೆ. ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು ಮತ್ತೆ ಅವರೇ ಹೇಳಿದರು. "ಟೆಸ್ಟಿಂಗಿಗೆ ತಗೋತೀನಿ. ಕೋಡ್ ಮತ್ತ ಕಲೀಬೇಕು. ಫೋನಿನ ಅನುಭವ ಐತಿ ಅಂತ ತಗೋಳಾಕತ್ತಿಲ್ಲ, ತಿಳೀತಿಲ್ಲ? ಎದ್ದು ಹೋಗಿ ನೋಡೀರಲ್ಲಾ, ಅದಕ್ಕ."

ಈಗ ಅಲ್ಲಿಗೆ ಸೇರಿ ಒಂದು ವರ್ಷವಾಗುತ್ತಾ ಬಂತು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಗಂಟೆ ಕೂತು, ನನಗಿಂತ ಐದು ವರ್ಷ ಚಿಕ್ಕ ಮಕ್ಕಳು ಕಲಿಯುವ ಪಾಠಗಳನ್ನು ಮತ್ತೆ ಕಲಿಯುತ್ತಿದ್ದೇನೆ. ನನ್ನ ಜೊತೆ ಓದಿದವರು ಎಲ್ಲೆಲ್ಲೋ ಮುಂದೆ ಹೋಗಿದ್ದಾರೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೆ ಗ್ರಾಹಕರೊಬ್ಬರು ಹೀಗಾಗುತ್ತಿದೆ ಎಂದರೆ, ಅವರು ಮಾತು ಮುಗಿಸುವ ತನಕ ಸುಮ್ಮನೆ ಕೇಳಿಸಿಕೊಳ್ಳುವವಳು ಆ ಆಫೀಸಿನಲ್ಲಿ ನಾನೊಬ್ಬಳೇ. ಅದನ್ನೂ ಅಲ್ಲಗಳೆಯಲಾರೆ.

ಹೋದ ತಿಂಗಳು ಪೀರನವಾಡಿಯಿಂದ ಅವ್ವನ ತಂಗಿ, ನಮ್ಮ ಚಿಗವ್ವ, ಫೋನ್ ಮಾಡಿದಳು. ಅವಳ ಮಗಳಿಗೆ ನನ್ನ ಮೊದಲಿನದರಂಥದೇ ಫೋನ್ ಎತ್ತುವ ಕೆಲಸ ಬಂದಿದೆ, ಬೇರೆ ಕಂಪನಿ. ಭಾನುವಾರ ಮಧ್ಯಾಹ್ನ ಹೋದೆ. ಕೂತ ಕೂಡಲೇ ಚಿಗವ್ವ ಶುರು ಮಾಡಿದಳು.

"ಸೇರ್ಲೋ ಬ್ಯಾಡೋ? ಒಂದ ಮಾತಿನ್ಯಾಗ ಹೇಳಿಬಿಡ ನಮ್ಮವ್ವಾ."

"ಒಂದ ಮಾತಿನ್ಯಾಗ ಆಗೂದಿಲ್ಲ ಚಿಗವ್ವಾ."

"ನೀ ಅದರಾಗಿಂದನ ಬಂದಾಕಿ ಅಲಾ? ನಿನಗ ಅದರಿಂದನ ಅಲಾ ನೌಕರಿ ಸಿಕ್ಕಿದ್ದು?"

"ಅದರಿಂದನೂ ಹೌದು, ಅದನ್ನ ಬಿಟ್ಟಿದ್ದರಿಂದನೂ ಹೌದು."

"ಇದೆಂಥಾ ಉತ್ತರ!" ಎಂದು ಅವಳು ಚಹಾ ಮಾಡಲು ಎದ್ದಳು. ಅವಳ ಬೇಸರ ನನಗೆ ಅರ್ಥವಾಗುತ್ತಿತ್ತು. ನನಗೂ ಆ ಉತ್ತರ ಸಮಾಧಾನ ಕೊಟ್ಟಿರಲಿಲ್ಲ.

ಹುಡುಗಿ ತನ್ನ ಮೊಬೈಲು ತಂದು ಪಕ್ಕ ಕೂತಳು. ಓಣಿಯ ನಲ್ಲಿಗೆ ಯಾವ ದಿನ ಎಷ್ಟು ಹೊತ್ತಿಗೆ ನೀರು ಬರುತ್ತದೆಂದು ಮನೆಮನೆಯವರಿಗೆ ಸಂದೇಶ ಕಳಿಸುವ ಪ್ರೋಗ್ರಾಮ್ ಒಂದನ್ನು ತಾನೇ ಬರೆದಿದ್ದಳು. ಚಿಕ್ಕದು, ಅಲ್ಲಲ್ಲಿ ತಪ್ಪುಗಳಿದ್ದವು. ಆದರೆ ಓಡುತ್ತಿತ್ತು. ಓಣಿಯ ಹನ್ನೊಂದು ಮನೆಯವರು ಬಳಸುತ್ತಿದ್ದರಂತೆ.

"ಅಕ್ಕಾ, ಬ್ಯಾರೆ ಎಲ್ಲೂ ಕರದಿಲ್ಲ. ಮನ್ಯಾಗ ಸುಮ್ನ ಕುಂತ್ರ ಇದನ್ನೂ ಮರೀತೀನಿ," ಎಂದಳು.

"ಹೋಗು ಹಂಗಾರ. ಮ್ಯಾಲ ಯಾವಾಗ ಕಳಸ್ತೀರಿ ಅಂತ ಕಾಗದದಾಗ ಬರಸ್ಕೋ. ಬರದು ಕೊಡೂದಿಲ್ಲ ಅಂದ್ರ, ಕಳಸೂದಿಲ್ಲ ಅಂತ ತಿಳ್ಕೊ. ಒಂದು ವರ್ಷದ ಮ್ಯಾಲೆ ಒಂದು ದಿನಾನೂ ಇರಬ್ಯಾಡ. ಮತ್ತ ಇದನ್ನ ಬಿಡಬ್ಯಾಡ," ಎಂದು ಅವಳ ಮೊಬೈಲು ತೋರಿಸಿದೆ.

ಅವಳು ಎಲ್ಲಕ್ಕೂ ಹೂಂಗುಟ್ಟಿದಳು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಚಿಗವ್ವ ಚಹಾ ತಂದಿಟ್ಟು ನಮ್ಮಿಬ್ಬರ ಮುಖ ನೋಡಿದಳು. ಅಷ್ಟರಲ್ಲಿ ಹಿಂದಿನ ಓಣಿಯಿಂದ ಯಾರೋ 'ನೀರು ಬಂತು' ಎಂದು ಕೂಗಿದರು. ಹುಡುಗಿ ಮೊಬೈಲು ನೋಡಿ, ಇನ್ನೂ ಹದಿನೈದು ನಿಮಿಷ ಇದೆಯಲ್ಲ, ಎಲ್ಲಿ ತಪ್ಪಿತು ಎನ್ನುತ್ತಾ ಕೊಡ ಹುಡುಕಲು ಎದ್ದಳು.